ಬೂಷ್ಟು ಹಿಡಿದ ಕ್ಯಾಸೆಟ್ಟು: ಪ್ಲೇಯರಿಗೆ ಹಾಕುವ ಮೊದಲು

ಅಕ್ಕಾ, ನಿಮ್ಮ ಫೋಟೋ ನೋಡಿದ ಕೂಡಲೇ ಬರೆಯಲು ಕೂತೆ. ಕೊಡಗಿನ ಅಮ್ಮತ್ತಿ ಕಡೆಯ ತವರುಮನೆ ಅಟ್ಟದಲ್ಲಿ ಟ್ರಂಕು, ಒಳಗೆ ಹದಿನಾಲ್ಕು ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟು, ಸುರುಳಿಯ ಮೇಲೆಲ್ಲ ಬಿಳಿ ಬೂಷ್ಟು. ಮಳೆ ರಜೆಗೆ ಮನೆಯಲ್ಲಿ ಕೂತಿರುವ ಮಕ್ಕಳಿಗೆ ನಾವು ಚಿಕ್ಕವರಿದ್ದಾಗ ನೋಡಿದ ಡ್ರ್ಯಾಗನ್, ಮಾಯಾಲೋಕದ ಸಿನಿಮಾ ತೋರಿಸಬೇಕು, ಹಳೇ ವಿಸಿಆರೂ (ವಿಡಿಯೋ ಪ್ಲೇಯರ್) ಇದೆ, ಹಾಕಿ ನೋಡಲೇ ಅಂತ ಕೇಳಿದ್ದೀರಿ. ಮೇಲಿನ ಕಾಮೆಂಟಿನಲ್ಲಿ ಇಬ್ಬರು 'ಒಂದು ದಿನ ಕಣದಲ್ಲಿ ಬಿಸಿಲಿಗಿಟ್ಟು ಹಾಕಿ' ಅಂದಿದ್ದಾರೆ. ಬಿಸಿಲೂ ಬೇಡ, ಹಾಕುವುದೂ ಬೇಡ.

ಕಾರಣ ಇಷ್ಟೇ. ಟೇಪು ಪ್ಲೇಯರಿನಲ್ಲಿ ಓಡುವುದು ಸೆಕೆಂಡಿಗೆ ಸುಮಾರು 2.3 ಸೆಂಟಿಮೀಟರಿನಷ್ಟು, ಬಸವನಹುಳದ ವೇಗ. ಆದರೆ ಅದನ್ನು ಓದುವ ಹೆಡ್ ಕೂತಿರುವ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅಲ್ಲಿಗೆ ಬೂಷ್ಟಿನ ಒಂದು ಕಣ ಹೋದರೂ ಹೆಡ್ ಕಟ್ಟಿಕೊಳ್ಳುತ್ತದೆ, ಟೇಪಿಗೆ ಗೀರು ಬೀಳುತ್ತದೆ. ಆಮೇಲೆ ಅದೇ ಪ್ಲೇಯರಿಗೆ ಹಾಕುವ ಒಳ್ಳೆ ಕ್ಯಾಸೆಟ್ಟಿಗೂ ಬೂಷ್ಟು ಅಂಟುತ್ತದೆ. ಇನ್ನು ಬಿಸಿಲು. ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಒಳಗೆ ಎಷ್ಟು ಕಾಯುತ್ತದೆ ಅಂತ ಜೀಪಿನ ಸೀಟಿನ ಮೇಲೆ ಕೂತವರಿಗೆ ಹೇಳಬೇಕಿಲ್ಲ. ಟೇಪು ಸೊಟ್ಟಗಾದರೆ ಮತ್ತೆ ನೆಟ್ಟಗಾಗುವುದಿಲ್ಲ. ಒಲೆ ಮೇಲಿನ ಅಟ್ಟದಲ್ಲೂ ಇಡಬೇಡಿ, ಹೊಗೆಯ ಜಿಡ್ಡು ಕೂರುತ್ತದೆ.

ಈಗ ಮೊದಲ ಕೆಲಸ ವಿಂಗಡಣೆ. ಹದಿನಾಲ್ಕನ್ನೂ ಉಳಿಸಲು ಹೋಗಬೇಡಿ. ಸಿನಿಮಾಗಳು ಎಲ್ಲೂ ಹೋಗಿಲ್ಲ. ನಾವು ಅಂದು ನೋಡಿದ್ದಕ್ಕಿಂತ ಹತ್ತು ಪಟ್ಟು ಸ್ವಚ್ಛವಾದ ಪ್ರಿಂಟು ಇವತ್ತು ಸಿಗುತ್ತದೆ. ಮಕ್ಕಳಿಗೆ ತೋರಿಸಲು ಅದೇ ಸಾಕು. ಕ್ಯಾಸೆಟ್ಟಿನಲ್ಲಿ ಉಳಿಸಬೇಕಾದ್ದು ಸಿನಿಮಾ ಮುಗಿದ ಮೇಲಿನ ಭಾಗ. ಇದನ್ನು ನಾನು ಪೆಟ್ಟು ತಿಂದು ಕಲಿತೆ, ಸ್ವಲ್ಪ ಉದ್ದ ಹೇಳುತ್ತೇನೆ.

1987ರ ಕಕ್ಕಡ ತಿಂಗಳು (ಜುಲೈ-ಆಗಸ್ಟಿನ ಜಡಿಮಳೆ ಕಾಲ), ನನಗೆ ಒಂಬತ್ತು ವರ್ಷ. ದುಬೈಯಿಂದ ಬಂದ ಚಿಕ್ಕಪ್ಪ ಒಂದು ಕ್ಯಾಸೆಟ್ ತಂದಿದ್ದರು: 'ದಿ ನೆವರ್‌ಎಂಡಿಂಗ್ ಸ್ಟೋರಿ', 1984ರ ಸಿನಿಮಾ. ಮ್ಯೂನಿಕ್‌ನ ಬವೇರಿಯಾ ಸ್ಟುಡಿಯೋದಲ್ಲಿ ಜರ್ಮನ್ನರು ಇಂಗ್ಲಿಷಿನಲ್ಲಿ ತೆಗೆದದ್ದು. ಇದೆಲ್ಲ ಗೊತ್ತಾದದ್ದು ಬಹಳ ವರ್ಷ ಆದ ಮೇಲೆ. ಆಗ ನಮಗೆ ಅದು 'ಬಿಳಿ ನಾಯಿ ಹಾರುವ ಪಿಚ್ಚರ್'. ಗೋಣಿಕೊಪ್ಪಲಿನಿಂದ ಒಂದು ರಾತ್ರಿಯ ಬಾಡಿಗೆಗೆ ಕಲರ್ ಟಿವಿ, ವಿಸಿಆರ್ ಜೀಪಿನಲ್ಲಿ ಬಂತು, ಮೇಲೆ ಟಾರ್ಪಲ್ ಹೊದಿಸಿ. ಅಕ್ಕಪಕ್ಕದ ಮನೆಯವರು, ತೋಟದ ರೈಟರ ಮಕ್ಕಳು, ಕೂಲಿಯವರ ಲೈನ್ ಮನೆಯ ಹುಡುಗರು, ಎಲ್ಲರೂ ಮಳೆಗೆ ಹೊದೆಯುವ ಗೊರಗ ಮೂಲೆಗಿಟ್ಟು, ಕಾಲಿನ ಜಿಗಣೆ ಕಿತ್ತು ಬಂದು ಕೂತರು.

ಇಂಗ್ಲಿಷ್ ಗೊತ್ತಿದ್ದವರು ದೊಡ್ಡಪ್ಪ ಒಬ್ಬರೇ, ಮಿಲಿಟರಿಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕನ್ನಡದಲ್ಲಿ ಕಾಮೆಂಟರಿ. ಅರ್ಧ ಅನುವಾದ, ಅರ್ಧ ಅವರದೇ ಕಥೆ. ಆ ಸಿನಿಮಾದಲ್ಲಿ ಮಾಯಾಲೋಕವನ್ನು ನುಂಗುತ್ತ ಬರುವ ಒಂದು ಇದೆಯಲ್ಲ, ಇಂಗ್ಲಿಷಿನಲ್ಲಿ ಅದರ ಹೆಸರೇ 'ನಥಿಂಗ್'. ದೊಡ್ಡಪ್ಪ ಒಂದು ಕ್ಷಣ ತಡೆದು 'ಮಂಜು ಬರ್ತಾ ಇದೆ' ಅಂದರು. ಹೊರಗೆ ಗುಡ್ಡವೂ ಇಲ್ಲ, ತೋಟವೂ ಇಲ್ಲ, ಅಂಗಳದ ಕಿತ್ತಳೆ ಮರವೂ ಕಾಣುತ್ತಿಲ್ಲ. ನಮಗೆ ಬೇರೆ ವಿವರಣೆ ಬೇಕಾಗಲೇ ಇಲ್ಲ.

ಸಿನಿಮಾದಲ್ಲಿ ಕುದುರೆ ಕೆಸರಿಗೆ ಇಳಿಯಿತು. ಹುಡುಗ ಲಗಾಮು ಹಿಡಿದು ಎಳೆಯುತ್ತಿದ್ದಾನೆ, ಕುದುರೆ ಅಲುಗುತ್ತಿಲ್ಲ, ಕೆಸರು ಕುತ್ತಿಗೆವರೆಗೆ ಬಂತು. ಕರೆಂಟು ಹೋಯಿತು.

ಕಕ್ಕಡದಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು. ಬೆಳಿಗ್ಗೆ ಬಾಡಿಗೆಯವನು ಜೀಪು ತಂದ. ಕರೆಂಟಿಲ್ಲದೆ ಆ ಮೆಷಿನ್ ಕ್ಯಾಸೆಟ್ ಉಗುಳುವುದಿಲ್ಲ. ಕುದುರೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ವಿಸಿಆರ್ ಗೋಣಿಕೊಪ್ಪಲಿಗೆ ಹೋಯಿತು. ಒಂದು ವಾರ ಮನೆಯಲ್ಲಿ ಅದೇ ಮಾತು. ಹಿಂದಿನ ವರ್ಷ ನಮ್ಮ ಎಮ್ಮೆ ಗದ್ದೆಯ ಕೆಸರಲ್ಲಿ ಹೂತಾಗ ಹಲಗೆ ಕೊಟ್ಟು, ಹಗ್ಗ ಬಿಗಿದು, ಆರು ಜನ ಎಳೆದು ತೆಗೆದಿದ್ದರು, ಕುದುರೆಯನ್ನೂ ಹಾಗೇ ತೆಗೀತಾರೆ ಅಂತ ಅಣ್ಣನ ವಾದ. ಮುಂದಿನ ವಾರ ನೋಡಿದರೆ ಹಲಗೆಯೂ ಇಲ್ಲ, ಹಗ್ಗವೂ ಇಲ್ಲ, ಕುದುರೆಯೂ ಇಲ್ಲ. ಅಣ್ಣ ಎದ್ದು ಹೋಗಿ ಕೊಟ್ಟಿಗೆಯಲ್ಲಿ ಕೂತ. ಸಿನಿಮಾದ ಕೊನೆಗೆ ಕುದುರೆ ಮತ್ತೆ ಬರುತ್ತದೆ. ಅದನ್ನು ಅವನು ನೋಡಲೇ ಇಲ್ಲ, ನಾನು ಹೇಳಿದರೆ ನಂಬಲೂ ಇಲ್ಲ.

ವಿಷಯಕ್ಕೆ ಬರುತ್ತೇನೆ. ಆ ಸಿನಿಮಾ ಓಡುವುದು 94 ನಿಮಿಷ. ಕ್ಯಾಸೆಟ್ ಇ-180, ಅಂದರೆ ಮೂರು ಗಂಟೆಯದು. ಉಳಿದ 86 ನಿಮಿಷ ಖಾಲಿ ಅಂತಲೇ ನಾನು ತಿಳಿದಿದ್ದೆ. ಐದಾರು ವರ್ಷದ ಹಿಂದೆ ಅದನ್ನು ಬಿಸಾಡುವ ರಾಶಿಗೆ ಹಾಕಿದ್ದವನು, ಹೊಸ ಬೆಲ್ಟ್ ಹಾಕಿದ ಪ್ಲೇಯರ್ ಪರೀಕ್ಷೆ ಮಾಡಲು ಅದನ್ನೇ ಎತ್ತಿಕೊಂಡೆ, ಹಾಳಾದರೆ ಹಾಳಾಗಲಿ ಅಂತ. ಬೂಷ್ಟನ್ನು ಒರೆಸಿದ್ದೂ ಅರೆಬರೆ. ಸಿನಿಮಾ ಮುಗಿದು, ಪರದೆ ತುಂಬ ಇರುವೆ ಹರಿದು, ಇದ್ದಕ್ಕಿದ್ದಂತೆ ನಮ್ಮ ಅಂಗಳ. ಹುತ್ತರಿ ಸುಗ್ಗಿ ಹಬ್ಬದ ರಾತ್ರಿ, ಗದ್ದೆಯಿಂದ ಕದಿರು ಬರುತ್ತಿದೆ, ಚಿಕ್ಕಪ್ಪನ ಸ್ನೇಹಿತರು ಯಾರೋ ಕ್ಯಾಮೆರಾ ತಂದಿದ್ದಿರಬೇಕು. ದೊಡ್ಡಪ್ಪ ಚಿತ್ರದಲ್ಲಿಲ್ಲ, ದನಿ ಮಾತ್ರ ಇದೆ: ಗೇಟು ಹಾಕಿ, ದನ ಒಳಗೆ ಬರ್ತವೆ ಅಂತ ಕೂಗುತ್ತಾರೆ. ಅವರ ದನಿ ಉಳಿದಿರುವುದು ಅದೊಂದೇ. ಅಷ್ಟರಲ್ಲಿ ಹೆಡ್ ಕಟ್ಟಿಕೊಂಡು ಚಿತ್ರ ನಿಂತಿತು, ಟೇಪು ಸಿಕ್ಕಿಕೊಂಡು ಸುಕ್ಕಾಯಿತು. ಒಟ್ಟು ಉಳಿದದ್ದು ನಾಲ್ಕು ನಿಮಿಷ.

ಅದಕ್ಕೇ ಹೇಳುತ್ತಿರುವುದು. ಕ್ಯಾಸೆಟ್ಟಿನ ಬೆನ್ನಿನ ಎಡ ಮೂಲೆ ನೋಡಿ. ಅಲ್ಲೊಂದು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದು ಮುರಿದಿದ್ದರೆ ಮೇಲೆ ರೆಕಾರ್ಡ್ ಮಾಡಲಾಗದು. ಮುರಿದ ಜಾಗಕ್ಕೆ ಯಾರಾದರೂ ಸೆಲ್ಲೋಟೇಪ್ ಅಂಟಿಸಿದ್ದರೆ, ಸಿನಿಮಾದ ಮೇಲೆ ಏನೋ ರೆಕಾರ್ಡ್ ಮಾಡಿದ್ದಾರೆ ಅಂತಲೇ ಲೆಕ್ಕ. ಅವು ಮೊದಲ ರಾಶಿ. ಹಲ್ಲು ಹಾಗೇ ಇರುವವು ಎರಡನೇ ರಾಶಿ. ಹೊರಗಿನ ಚೀಟಿ ನಂಬಬೇಡಿ.

ಬೂಷ್ಟಿಗೆ ಈಗಲೇ ಕೈ ಹಾಕಬೇಡಿ. ಗಾಳಿಯ ತೇವ ಶೇ. 65 ದಾಟಿದರೆ ಅದು ಬೆಳೆಯುತ್ತದೆ, ಜುಲೈನಲ್ಲಿ ನಮ್ಮಲ್ಲಿ ಅದಕ್ಕಿಂತ ಕಡಿಮೆ ಯಾವಾಗ ಇರುತ್ತದೆ? ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಕ್ಯಾಸೆಟ್ಟನ್ನು ಪುಸ್ತಕದ ಹಾಗೆ ನಿಲ್ಲಿಸಿ ಮುಚ್ಚಿಡಿ. ಜೆಲ್ ಬಣ್ಣ ತಿರುಗಿದಾಗ ಬದಲಾಯಿಸಿ. ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಬೀಜದ) ತೇವ ಶೇ. 10ಕ್ಕೆ ಇಳಿಯದೆ ಗೋಣಿಗೆ ತುಂಬುತ್ತೇವೆಯೇ? ಇದಕ್ಕೂ ಅಷ್ಟೇ ತಾಳ್ಮೆ ಬೇಕು. ಚಿಕ್ಕದೊಂದು ತೇವ ತೋರಿಸುವ ಮೀಟರನ್ನು ಡಬ್ಬಿಯೊಳಗೇ ಇಟ್ಟರೆ ಊಹೆ ಮಾಡುವ ಕೆಲಸ ಇರುವುದಿಲ್ಲ. ಒಣಗಿದ ಬೂಷ್ಟು ಪುಡಿಯಾಗುತ್ತದೆ, ಹಸಿಯದು ಒರೆಸಿದಷ್ಟೂ ಹರಡುತ್ತದೆ. ನಾನಾದರೆ ಜನವರಿಯವರೆಗೆ ಕಾಯುತ್ತೇನೆ.

ಆಗ ಜಗಲಿಯಲ್ಲಿ ಕೂತು, ಮಾಸ್ಕ್ ಹಾಕಿಕೊಂಡು ಕ್ಯಾಸೆಟ್ಟು ಬಿಚ್ಚಿ. ದಮ್ಮು ಇರುವವರು, ಮಕ್ಕಳು ದೂರ ಇರಲಿ. ತಳದಲ್ಲಿ ಐದು ಸ್ಕ್ರೂ. ಮೇಲಿನ ಮುಚ್ಚಳ ಎತ್ತಿದ ತಕ್ಷಣ ಫೋಟೋ ತೆಗೆಯಿರಿ, ಟೇಪು ಯಾವ ರೋಲರ್ ಸುತ್ತಿ ಹೋಗಿದೆ ಅಂತ ಆಮೇಲೆ ನೆನಪಿರುವುದಿಲ್ಲ. ಸುರುಳಿಯ ಅಂಚಿನ ಪುಡಿಯನ್ನು ಮೃದು ಬ್ರಷ್ಷಿನಿಂದ ತೆಗೆದು, ನೂಲು ಬಿಡದ ಬಟ್ಟೆಗೆ ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿ, ಟೇಪನ್ನು ಅದರ ನಡುವೆ ಹಾಯಿಸುತ್ತ ಕೈಯಲ್ಲೇ ನಿಧಾನ ಸುತ್ತಿ. ಮೂರು ಗಂಟೆಯ ಟೇಪು ಇನ್ನೂರೈವತ್ತು ಮೀಟರ್ ದಾಟುತ್ತದೆ, ಒಂದು ಮಧ್ಯಾಹ್ನ ಬೇಕು. ಆಮೇಲೆ ಒಳ್ಳೆ ಸ್ಥಿತಿಯ ಬೇರೊಂದು ಕ್ಯಾಸೆಟ್ಟಿನ ಪೆಟ್ಟಿಗೆಗೆ ಸುರುಳಿ ವರ್ಗಾಯಿಸಿ.

ಪ್ಲೇಯರ್ ಇಪ್ಪತ್ತು ವರ್ಷ ಮಲಗಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಅಂಟಾಗಿರುತ್ತದೆ, ಮೊದಲು ಬೇಡದ ಕ್ಯಾಸೆಟ್ ಹಾಕಿ ನೋಡಿ. ಹೆಡ್ ಒರೆಸಲು ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡವೇ ಬೇಡ, ಎಳೆ ಸಿಕ್ಕಿದರೆ ಹೆಡ್ ಮುರಿಯುತ್ತದೆ. ಟೇಪಿನ ಚಿತ್ರವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ಕ್ಯಾಪ್ಚರ್ ಡಾಂಗಲ್ ಮೊದಲೇ ಸಿದ್ಧ ಇರಲಿ, ಮೊದಲ ಸಲ ಓಡಿಸುವಾಗಲೇ ರೆಕಾರ್ಡ್ ಒತ್ತಿ. ನನ್ನ ಹಾಗೆ 'ಸುಮ್ನೆ ನೋಡೋಣ' ಅನ್ನಬೇಡಿ, ಎರಡನೇ ಸಲ ಓಡುತ್ತದೆ ಅನ್ನುವ ಭರವಸೆ ಇಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೂ 2016ರಲ್ಲಿ ನಿಲ್ಲಿಸಿತು, ಇರುವುದನ್ನು ಜೋಪಾನ ಮಾಡಿ.

ಮಕ್ಕಳಿಗೆ ಯಾವುದು ಅಂದಿರಿ. ಸಣ್ಣವಳಿಗೆ ಆರು ವರ್ಷ ಅಂದರೆ 'ದಿ ಡಾರ್ಕ್ ಕ್ರಿಸ್ಟಲ್' (1982) ರಾತ್ರಿ ಹೊತ್ತು ಬೇಡ. ಒಬ್ಬ ಮನುಷ್ಯನೂ ಕಾಣದ, ಪೂರಾ ಬೊಂಬೆಗಳ ಸಿನಿಮಾ, ಆ ರಣಹದ್ದಿನಂಥವು ನನಗೆ ಈಗಲೂ ಹಿಡಿಸವು. 'ಲ್ಯಾಬಿರಿಂತ್' (1986) ತೋರಿಸಿ. ಅದರಲ್ಲಿ ಗಾಯಕ ಡೇವಿಡ್ ಬೋವೀ ಕೈಯಲ್ಲಿ ಗಾಜಿನ ಗೋಲಿಗಳು ತಿರುಗುತ್ತವಲ್ಲ, ಆ ಕೈ ಅವರದಲ್ಲ. ಮೈಕೆಲ್ ಮೊಶೆನ್ ಅನ್ನುವವರು ಹಿಂದೆ ಅಡಗಿ, ಕೈ ಮಾತ್ರ ಮುಂದೆ ಚಾಚಿ, ಕಣ್ಣಿಗೆ ಏನೂ ಕಾಣದೆ ಆಡಿಸಿದ್ದು. ಇದನ್ನು ಮೊದಲೇ ಹೇಳಿದರೆ 'ಗ್ರಾಫಿಕ್ಸ್ ಚೆನ್ನಾಗಿಲ್ಲ' ಅನ್ನುವ ಮಕ್ಕಳೂ ಸುಮ್ಮನೆ ನೋಡುತ್ತವೆ, ನಮ್ಮ ಮನೆಯಲ್ಲಿ ಪರೀಕ್ಷಿಸಿದ್ದೇನೆ. ಮಲಯಾಳಂನ 'ಮೈ ಡಿಯರ್ ಕುಟ್ಟಿಚಾತ್ತನ್' ಬಗ್ಗೆ ಮೇಲೆ ಒಬ್ಬರು ಬರೆದಿದ್ದಾರೆ. 1984ರದು, ದೇಶದ ಮೊದಲ ತ್ರೀಡಿ. ನಾವೂ ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಗೆ ಹೋಗಿ ನೋಡಿದ್ದೆವು. ಕನ್ನಡಕ ಇಲ್ಲದೆ ಟಿವಿಯಲ್ಲಿ ಅದರ ಅರ್ಧ ಮಜಾ ಹೋಗುತ್ತದೆ, ಗೋಡೆ ಮೇಲೆ ನಡೆಯುವ ಹಾಡು ಮಾತ್ರ ಈಗಲೂ ಗಟ್ಟಿ.

ಕುದುರೆಯ ಸಿನಿಮಾ ತೋರಿಸುವ ದಿನ ಇನ್ವರ್ಟರ್ ಪೂರ್ತಿ ಚಾರ್ಜ್ ಇದೆಯಾ ನೋಡಿಕೊಳ್ಳಿ. ಕ್ಯಾಸೆಟ್ಟುಗಳ ಬೆನ್ನಿನ ಫೋಟೋ ಒಂದೊಂದಾಗಿ ಇಲ್ಲೇ ಹಾಕಿ, ಯಾವುದು ಮೊದಲ ರಾಶಿ ಅಂತ ಹೇಳುತ್ತೇನೆ. ಎಡದಿಂದ ಮೂರನೆಯದರಲ್ಲಿ ಸೆಲ್ಲೋಟೇಪ್ ಕಂಡ ಹಾಗಿದೆ.