ಬೇಲಿಯೊಳಗೆ ನಿಂತ ಗುಡಾರ

ಪ್ರಶ್ನೆ: ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಅಂಚಿನ ಬಡಾವಣೆಗಳಲ್ಲಿ ಅಸಂಖ್ಯ ಕುಟುಂಬಗಳು ಇಂದಿಗೂ ಗುಡಾರಗಳಲ್ಲಿವೆ ಎಂದು ಓದಿದೆ. ನಗರ ಸೇರಿದ ಮೇಲೂ ಅವರು ಅಲೆಮಾರಿ ಬದುಕನ್ನು ಬಿಡಲೊಪ್ಪದಿರುವುದೇಕೆ?
— ಓದುಗರೊಬ್ಬರು, ಹಾವೇರಿ

ಉತ್ತರ: ಅಲೆಮಾರಿ ಬದುಕನ್ನು ಅವರು ಆಗಲೇ ಬಿಟ್ಟಿದ್ದಾರೆ, ಜೊತೆಗೆ ತಂದದ್ದು ಗುಡಾರವನ್ನು ಮಾತ್ರ. ಬಿಟ್ಟದ್ದು ಕೂಡ ಬಹುಪಾಲು ತಮ್ಮಿಚ್ಛೆಯಿಂದಲ್ಲ. 1990ರ ದಶಕದ ಆರಂಭದಲ್ಲಿ ಸಮಾಜವಾದಿ ವ್ಯವಸ್ಥೆಯೊಡನೆ ಪಶುಪಾಲಕರ ಸಹಕಾರ ಸಂಘಗಳೂ ಮುರಿದುಬಿದ್ದುದರಿಂದ, ಮೇವು, ಪಶುವೈದ್ಯ, ಮಾರುಕಟ್ಟೆಗಳಿಗಿದ್ದ ಆಸರೆ ತಪ್ಪಿತು. ಬೇಸಿಗೆಯ ಬರದ ಬೆನ್ನಿಗೇ ಕಡುಚಳಿ ಬಂದು ಹಿಂಡುಗಳನ್ನು ಅಳಿಸಿಹಾಕುವ ವಿಪತ್ತಿಗೆ ಅಲ್ಲಿ ‘ಜುದ್’ ಎನ್ನುತ್ತಾರೆ. 2009–10ರ ಜುದ್ ಒಂದರಲ್ಲೇ 80 ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಹಿಂಡು ಹೋದ ಮೇಲೆ ಹುಲ್ಲುಗಾವಲಿನಲ್ಲಿ ಉಳಿಯುವುದಾದರೂ ಹೇಗೆ?

ಹಾಗೆ ಬಂದವರು ಗುಡ್ಡಗಳ ಇಳಿಜಾರಿನಲ್ಲಿ ಹಲಗೆಯ ಬೇಲಿ ಕಟ್ಟಿ, ಅದರೊಳಗೆ ತಮ್ಮ ‘ಗೆರ್’ ಅನ್ನು, ಅಂದರೆ ಗುಡಾರವನ್ನು, ನಿಲ್ಲಿಸಿದರು. ಈ ಬೇಲಿಯ ನಿವೇಶನಕ್ಕೆ ‘ಹಶಾ’ ಎಂದು ಹೆಸರು. ಹುಲ್ಲುಗಾವಲಿನಲ್ಲಿ ದನಕುರಿಗಳ ದೊಡ್ಡಿಗೆ ಸಲ್ಲುತ್ತಿದ್ದ ಆ ಮಾತು ಇಲ್ಲಿ ಮನುಷ್ಯರ ಮನೆಯಂಗಳಕ್ಕೆ ಸಂದಿರುವುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರಾಜಧಾನಿಯಲ್ಲಿ ಪ್ರತಿ ಪ್ರಜೆಗೂ 700 ಚದರ ಮೀಟರ್‌ವರೆಗೆ ಉಚಿತ ನಿವೇಶನ ಕೊಡಲು ಕಾನೂನಿನಲ್ಲಿ ಅವಕಾಶವಿದ್ದುದರಿಂದ ಇಂಥ ಬೇಲಿಗಳು ಕಣಿವೆಯುದ್ದಕ್ಕೂ ಹಬ್ಬಿದವು. ಅಂದಹಾಗೆ, ಈ ನಗರವೇ ಹಿಂದೆ ಅಲೆಮಾರಿಯಾಗಿತ್ತು: 1639ರಲ್ಲಿ ಗುಡಾರಗಳ ಮಠವಾಗಿ ಹುಟ್ಟಿ, ಹಲವು ಬಾರಿ ಎಡೆ ಬದಲಿಸಿ, 1778ರಲ್ಲಷ್ಟೇ ಈಗಿನ ಕಣಿವೆಯಲ್ಲಿ ನೆಲೆನಿಂತಿತು.

ಚಳಿಗಾಲದಲ್ಲಿ ನಗರವನ್ನು ಕವಿಯುವ ಕಲ್ಲಿದ್ದಲ ಹೊಗೆಗೆ ಗುಡಾರವನ್ನು ದೂರುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ನಗರದ ನಡುವಿನ ವಸತಿ ಸಮುಚ್ಚಯಗಳಿಗೆ ವಿದ್ಯುತ್ ಸ್ಥಾವರಗಳಿಂದ ಕೊಳವೆಗಳ ಮೂಲಕ ಬಿಸಿನೀರು ಹರಿದು ಕೋಣೆಗಳನ್ನು ಬೆಚ್ಚಗಿಡುತ್ತದೆ, ಆದರೆ ಆ ಕೊಳವೆ ಬಹುತೇಕ ಹಶಾಗಳನ್ನು ಮುಟ್ಟಿಲ್ಲ. ಕುಡಿಯುವ ನೀರನ್ನು ವಿತರಣಾ ಕಟ್ಟೆಯಿಂದ ಡಬ್ಬಗಳಲ್ಲಿ ತುಂಬಿ ಕೈಗಾಡಿಯಲ್ಲಿ ತಳ್ಳಿ ತರಬೇಕು, ಶೌಚಕ್ಕೆ ಗುಂಡಿಯೇ ಗತಿ. ಮೈನಸ್ 30 ಡಿಗ್ರಿಯ ರಾತ್ರಿಯಲ್ಲಿ ಒಲೆ ಉರಿಸದೆ ಮಕ್ಕಳನ್ನು ಮಲಗಿಸಲಾಗದು. 2019ರಲ್ಲಿ ಹಸಿ ಕಲ್ಲಿದ್ದಲನ್ನು ನಿಷೇಧಿಸಿ ಸಂಸ್ಕರಿಸಿದ ಇದ್ದಲ ಗಟ್ಟಿಗಳನ್ನು ಕೊಟ್ಟಾಗ ಹೊಗೆ ತಗ್ಗಿತಾದರೂ, ಒಲೆಯ ವಿಷಾನಿಲದಿಂದ ಸಾವುಗಳು ಸಂಭವಿಸಿದವು. 2017ರಲ್ಲಿ ಹೊಸ ವಲಸಿಗರ ನೋಂದಣಿಯನ್ನೇ ಕೆಲವು ವರ್ಷಗಳ ಮಟ್ಟಿಗೆ ನಿಲ್ಲಿಸಲಾಯಿತು. ಜನ ಬರುವುದು ನಿಲ್ಲಲಿಲ್ಲ, ದಾಖಲೆಯಿಲ್ಲದವರಾಗಿ ಉಳಿದರು, ಅಷ್ಟೆ.

ಇನ್ನು ಗುಡಾರದ ಮಾತು. ಕೈಯಲ್ಲಿ ನಾಲ್ಕು ಕಾಸು ಕೂಡಿದವರು ಅದೇ ಹಶಾದೊಳಗೆ ಇಟ್ಟಿಗೆಯದೋ ಮರದ್ದೋ ಮನೆ ಕಟ್ಟಿಕೊಳ್ಳುತ್ತಾರೆ. ಪಕ್ಕದ ಗೆರ್ ಮಾತ್ರ ಹಾಗೆಯೇ ಇರುತ್ತದೆ, ಮುಂದಿನ ಜುದ್‌ನಲ್ಲಿ ಹಿಂಡು ಕಳೆದುಕೊಂಡು ಬರುವ ನೆಂಟರಿಗೆ ಒದಗಲೆಂದು.