ಎಕ್ಸೆಲ್ ಶೀಟ್‌ನಲ್ಲಿ ಬೇಕಾದಷ್ಟು ಭಾಗ ಮಾತ್ರ ಪ್ರಿಂಟ್ ಮಾಡುವುದು ಹೇಗೆ?

ನಿಮ್ಮ ಶೀಟ್‌ನಲ್ಲಿ 300 ಸಾಲು, 11 ಕಾಲಂ ಇವೆ. ಬೇಕಾಗಿರುವುದು ಮೊದಲ 60 ಸಾಲು ಮಾತ್ರ. ಪ್ರಿಂಟ್ ಕೊಟ್ಟರೆ ಪೂರ್ತಿ ಶೀಟ್ ಬರುತ್ತದೆ, ಕೊನೆಯ ಎರಡು ಕಾಲಂ ಬೇರೆ ಹಾಳೆಗೆ ಹೋಗುತ್ತವೆ, ಜೊತೆಗೆ ಒಂದಷ್ಟು ಖಾಲಿ ಹಾಳೆಯೂ ಬರುತ್ತದೆ ಅಂದಿದ್ದೀರಿ. ಇವು ಮೂರು ಬೇರೆ ಬೇರೆ ತೊಂದರೆಗಳು. ಪ್ರಿಂಟರ್ ಸರಿಯಾಗಿಯೇ ಇದೆ, ಅದನ್ನು ಮುಟ್ಟಬೇಡಿ.

ಪತ್ರ ಬರೆಯುವ ವರ್ಡ್‌ನಂಥ ಸಾಫ್ಟ್‌ವೇರ್‌ಗೆ ಪುಟ ಎಲ್ಲಿ ಮುಗಿಯುತ್ತದೆ ಅನ್ನುವುದು ಮೊದಲ ಅಕ್ಷರದಿಂದಲೇ ಗೊತ್ತಿರುತ್ತದೆ. ಎಕ್ಸೆಲ್ ಶೀಟ್‌ನಲ್ಲಿ ಪುಟ ಅನ್ನುವುದೇ ಇಲ್ಲ. ಒಂದು ಶೀಟ್‌ನಲ್ಲಿ 10,48,576 ಸಾಲು, 16,384 ಕಾಲಂ ಇರುತ್ತವೆ. ಎ4 ಹಾಳೆಯೋ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ನಾವು ಏನೂ ಹೇಳದಿದ್ದರೆ ಎಕ್ಸೆಲ್ ಮೊದಲ ಸೆಲ್‌ನಿಂದ ಕೊನೆಯದಾಗಿ ಬಳಸಿದ ಸೆಲ್‌ವರೆಗೆ ತೆಗೆದುಕೊಂಡು, ಹಾಳೆಯ ಅಳತೆಗೆ ಕತ್ತರಿಸುತ್ತಾ ಹೋಗುತ್ತದೆ. ಅದೂ ಮೇಲಿನಿಂದ ಕೆಳಗೆ ಮೊದಲು, ಆಮೇಲೆ ಬಲಕ್ಕೆ. ಅದಕ್ಕೇ ನಿಮ್ಮ ಆ ಎರಡು ಕಾಲಂ ಪಕ್ಕದ ಹಾಳೆಯಲ್ಲಿ ಸಿಗುವುದಿಲ್ಲ. ಎಲ್ಲ 300 ಸಾಲು ಮುಗಿದ ಮೇಲೆ, ಕಟ್ಟಿನ ಕೊನೆಯಲ್ಲಿ ಸಿಗುತ್ತವೆ.

ಈಗ ಆ 60 ಸಾಲಿನ ವಿಷಯ. ಇವತ್ತು ಒಂದು ಸಲ ಮಾತ್ರ ಬೇಕು ಅಂದರೆ ಎ1ರಿಂದ ಕೆ60ರವರೆಗೆ ಸೆಲೆಕ್ಟ್ ಮಾಡಿ, ಕಂಟ್ರೋಲ್ ಮತ್ತು ಪಿ ಒತ್ತಿ. ಸೆಟ್ಟಿಂಗ್ಸ್ ಕೆಳಗೆ 'ಪ್ರಿಂಟ್ ಆಕ್ಟಿವ್ ಶೀಟ್ಸ್' ಅಂತ ಇರುತ್ತದೆ. ಅದನ್ನು ಒತ್ತಿ 'ಪ್ರಿಂಟ್ ಸೆಲೆಕ್ಷನ್' ಆರಿಸಿ. ಅಷ್ಟೇ.

ಪ್ರತಿ ವಾರವೂ ಅದೇ ಭಾಗ ಬೇಕು ಅಂದರೆ ಸೆಲೆಕ್ಟ್ ಮಾಡಿದ ಮೇಲೆ 'ಪೇಜ್ ಲೇಔಟ್' ಟ್ಯಾಬ್‌ಗೆ ಹೋಗಿ, 'ಪ್ರಿಂಟ್ ಏರಿಯಾ' ಒತ್ತಿ, 'ಸೆಟ್ ಪ್ರಿಂಟ್ ಏರಿಯಾ' ಕೊಡಿ. ಫೈಲ್ ಸೇವ್ ಮಾಡಿದರೆ ಇದೂ ಜೊತೆಗೇ ಉಳಿಯುತ್ತದೆ. ಅನುಕೂಲ ಜಾಸ್ತಿ, ಆದರೆ ಒಂದು ಅಪಾಯವೂ ಇದೆ. ಆಮೇಲೆ 61ನೇ ಸಾಲಿನಲ್ಲಿ ಹೊಸ ಮಾಹಿತಿ ಸೇರಿಸಿದರೆ ಅದು ಪ್ರಿಂಟ್‌ನಲ್ಲಿ ಬರುವುದಿಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ. ನಾನು ಒಮ್ಮೆ ಹೆಸರಿನ ಪಟ್ಟಿಯೊಂದನ್ನು ಹೀಗೆ ಪ್ರಿಂಟ್ ಮಾಡಿ ಹಂಚಿದ್ದೆ. ಕೊನೆಗೆ ಸೇರಿಸಿದ 14 ಜನರ ಹೆಸರು ಅದರಲ್ಲಿ ಇರಲೇ ಇಲ್ಲ. ಶೀಟ್‌ನಲ್ಲಿ ಕಣ್ಣಿಗೆ ಕಾಣುತ್ತಿತ್ತು, ಹಾಗಾಗಿ ಕಾಗದದಲ್ಲೂ ಇದೆ ಅಂದುಕೊಂಡಿದ್ದೆ. ಆ 14 ಜನರ ಹತ್ತಿರ ಮಾತಾಡುವುದು ಕಷ್ಟವಾಯಿತು. ಅಂದಿನಿಂದ ಕೊನೆಯ ಪುಟದ ಕೊನೆಯ ಸಾಲನ್ನು ಪ್ರಿವ್ಯೂನಲ್ಲಿ ನೋಡದೆ ಪ್ರಿಂಟ್ ಕೊಡುವುದಿಲ್ಲ. ಪೂರ್ತಿ ಶೀಟ್ ಬೇಕಾದ ದಿನ 'ಇಗ್ನೋರ್ ಪ್ರಿಂಟ್ ಏರಿಯಾ' ಆರಿಸಬಹುದು. ಗುರುತೇ ಬೇಡ ಅಂದರೆ 'ಕ್ಲಿಯರ್ ಪ್ರಿಂಟ್ ಏರಿಯಾ'.

ಬೇಕಾದ ಸಾಲುಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ ಏನು ಮಾಡುವುದು? ಕಂಟ್ರೋಲ್ ಹಿಡಿದು ಬಿಡಿ ಬಿಡಿಯಾಗಿ ಸೆಲೆಕ್ಟ್ ಮಾಡಿದರೆ ಒಂದೊಂದು ತುಂಡೂ ಒಂದೊಂದು ಹಾಳೆಗೆ ಹೋಗುತ್ತದೆ. ಹಾಗೆ ಮಾಡಬೇಡಿ. ಬೇಡದ ಸಾಲು, ಕಾಲಂಗಳನ್ನು ಹೈಡ್ ಮಾಡಿ, ಇಲ್ಲವೇ ಫಿಲ್ಟರ್ ಹಾಕಿ. ಮರೆಯಾದದ್ದು ಪ್ರಿಂಟ್ ಆಗುವುದಿಲ್ಲ, ಉಳಿದದ್ದು ಒತ್ತಾಗಿ ಒಂದೇ ಕಡೆ ಬರುತ್ತದೆ.

ಇನ್ನು ಹೊರಗೆ ಹೋಗುವ ಆ ಎರಡು ಕಾಲಂ. ಇಲ್ಲಿ ಬಹಳ ಜನ 'ಫಿಟ್ ಶೀಟ್ ಆನ್ ಒನ್ ಪೇಜ್' ಒತ್ತಿಬಿಡುತ್ತಾರೆ. ಅದು ಅಗಲವನ್ನೂ ಉದ್ದವನ್ನೂ ಒಂದೇ ಹಾಳೆಗೆ ಇಳಿಸುತ್ತದೆ. 300 ಸಾಲು ಒಂದು ಹಾಳೆಗೆ ಬಂದರೆ ಯಾರು ಓದಲು ಸಾಧ್ಯ? ನಿಮಗೆ ಬೇಕಾದದ್ದು 'ಫಿಟ್ ಆಲ್ ಕಾಲಮ್ಸ್ ಆನ್ ಒನ್ ಪೇಜ್'. ಆಗ ಅಗಲ ಮಾತ್ರ ಒಂದು ಪುಟಕ್ಕೆ ಹೊಂದುತ್ತದೆ, ಉದ್ದ ಎಷ್ಟು ಪುಟಕ್ಕಾದರೂ ಹೋಗಲಿ. ಪೇಜ್ ಲೇಔಟ್‌ನಲ್ಲಿ ವಿಡ್ತ್ 'ಒನ್ ಪೇಜ್', ಹೈಟ್ 'ಆಟೋಮ್ಯಾಟಿಕ್' ಇಟ್ಟರೂ ಇದೇ ಕೆಲಸ.

ಆದರೂ ಇದನ್ನು ಕೊನೆಗೆ ಮಾಡಿ ಅನ್ನುತ್ತೇನೆ. ಮೊದಲು ಹಾಳೆಯನ್ನು ಅಡ್ಡ ತಿರುಗಿಸಿ, ಅಂದರೆ ಲ್ಯಾಂಡ್‌ಸ್ಕೇಪ್. ಆಮೇಲೆ ಮಾರ್ಜಿನ್ 'ನ್ಯಾರೋ' ಮಾಡಿ. ಸುಮ್ನೆ ಅಗಲವಾಗಿರುವ ಕಾಲಂಗಳನ್ನು ಕಿರಿದು ಮಾಡಿ, ಉದ್ದ ಬರಹ ಸೆಲ್‌ನೊಳಗೇ ಮುಂದಿನ ಸಾಲಿಗೆ ಇಳಿಯುವಂತೆ 'ರ‍್ಯಾಪ್ ಟೆಕ್ಸ್ಟ್' ಕೊಡಿ. ಇಷ್ಟಾದರೂ ಹಿಡಿಸದಿದ್ದರೆ ಆಗ ಸ್ಕೇಲ್ ಇಳಿಸಿ. 11ರ ಅಳತೆಯ ಅಕ್ಷರ 50%ಗೆ ಇಳಿದರೆ 5.5 ಆಗುತ್ತದೆ. ವಯಸ್ಸಾದವರಿಗೆ ಅದನ್ನು ಓದಲು ಕೊಡುವುದು ಸರಿಯಲ್ಲ ಅಲ್ವಾ? ಒತ್ತು, ಕೊಂಬು, ದೀರ್ಘ ಎಲ್ಲ ಇರುವ ಕನ್ನಡ ಅಕ್ಷರ ಇಂಗ್ಲಿಷ್‌ಗಿಂತ ಬೇಗ ಮಸುಕಾಗುತ್ತದೆ. ನಾನಂತೂ 70%ಗಿಂತ ಕೆಳಗೆ ಇಳಿಸುವುದಿಲ್ಲ. ಅದಕ್ಕೂ ಹಿಡಿಸದಿದ್ದರೆ ಒಂದು ಕಾಲಂ ಹೈಡ್ ಮಾಡುತ್ತೇನೆ. ಇನ್ನೊಂದು ಮಾತು: ಹೀಗೆ ಫಿಟ್ ಮಾಡಿದಾಗ ಪುಟ ಇಲ್ಲಿಗೆ ಮುಗಿಯಲಿ ಅಂತ ನೀವು ಕೈಯಾರೆ ಹಾಕಿದ ಪೇಜ್ ಬ್ರೇಕ್‌ಗಳನ್ನು ಎಕ್ಸೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಖಾಲಿ ಹಾಳೆಗಳಿಗೆ ಕಾರಣ ಹುಡುಕಲು ಕಂಟ್ರೋಲ್ ಮತ್ತು ಎಂಡ್ ಒತ್ತಿ. ಕರ್ಸರ್ ಶೀಟ್‌ನ ಕೊನೆಯ ಬಳಸಿದ ಸೆಲ್‌ಗೆ ಹೋಗಿ ನಿಲ್ಲುತ್ತದೆ. ನಿಮ್ಮ ಪಟ್ಟಿ 300ಕ್ಕೆ ಮುಗಿದಿದ್ದರೂ ಅದು 900ನೇ ಸಾಲಿಗೆ ಹೋದರೆ, ಅಲ್ಲೆಲ್ಲೋ ಒಂದು ಸ್ಪೇಸ್ ಅಥವಾ ಹಾಕಿಬಿಟ್ಟ ಬಾರ್ಡರ್ ಇದೆ ಅಂತ ಲೆಕ್ಕ. ಕಣ್ಣಿಗೆ ಕಾಣದಿದ್ದರೂ ಎಕ್ಸೆಲ್‌ಗೆ ಅದೂ ಮಾಹಿತಿಯೇ. 301ರಿಂದ ಅಲ್ಲಿಯವರೆಗಿನ ಸಾಲುಗಳನ್ನು ಪೂರ್ತಿಯಾಗಿ ಸೆಲೆಕ್ಟ್ ಮಾಡಿ ಡಿಲೀಟ್ ಮಾಡಿ, ಫೈಲ್ ಸೇವ್ ಮಾಡಿ. ಬರೀ ಡಿಲೀಟ್ ಕೀ ಒತ್ತಿದರೆ ಬಾರ್ಡರ್ ಹೋಗುವುದಿಲ್ಲ. ಸಾಲಿನ ಸಂಖ್ಯೆಯ ಮೇಲೆ ರೈಟ್ ಕ್ಲಿಕ್ ಮಾಡಿ ಅಳಿಸಬೇಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡನೇ ಪುಟದಿಂದ ಕಾಲಂಗಳ ತಲೆಬರಹ ಇರುವುದಿಲ್ಲ. ಓದುವವರು ಪ್ರತಿ ಸಲ ಮೊದಲ ಪುಟಕ್ಕೆ ತಿರುಗಿಸಬೇಕಾಗುತ್ತದೆ. 'ಫ್ರೀಜ್ ಪೇನ್ಸ್' (ಕೆಳಗೆ ಸರಿಸಿದರೂ ತಲೆಬರಹ ಮೇಲೇ ನಿಲ್ಲುವಂತೆ ಮಾಡುವುದು) ಹಾಕಿದರೆ ಸಾಕು ಅನ್ನುವವರಿದ್ದಾರೆ, ಅದು ಪರದೆಗೆ ಮಾತ್ರ. ಕಾಗದಕ್ಕೆ ಬೇಕಾದದ್ದು ಪೇಜ್ ಲೇಔಟ್‌ನ 'ಪ್ರಿಂಟ್ ಟೈಟಲ್ಸ್'. ಅಲ್ಲಿ 'ರೋಸ್ ಟು ರಿಪೀಟ್ ಅಟ್ ಟಾಪ್' ಮುಂದಿನ ಜಾಗದಲ್ಲಿ ಕ್ಲಿಕ್ ಮಾಡಿ, ಶೀಟ್‌ನ ಮೊದಲ ಸಾಲನ್ನು ಆರಿಸಿ. ಪ್ರಿಂಟ್ ಪರದೆಯೊಳಗಿನ ಪೇಜ್ ಸೆಟಪ್‌ನಿಂದ ಹೋದರೆ ಈ ಜಾಗ ಮಸುಕಾಗಿರುತ್ತದೆ, ಹಾಗಾಗಿ ಟ್ಯಾಬ್‌ನಿಂದಲೇ ಹೋಗಿ. ಗೆರೆಗಳು ಬೇಕಿದ್ದರೆ ಅದೇ ಟ್ಯಾಬ್‌ನಲ್ಲಿ ಗ್ರಿಡ್‌ಲೈನ್ಸ್ ಕೆಳಗಿನ 'ಪ್ರಿಂಟ್' ಟಿಕ್ ಮಾಡಿ.

ಗೂಗಲ್ ಶೀಟ್ಸ್ ಬಳಸುವವರಿಗೂ ದಾರಿ ಇದೇ ರೀತಿ: ಸೆಲೆಕ್ಟ್ ಮಾಡಿ, ಕಂಟ್ರೋಲ್ ಪಿ ಒತ್ತಿ, 'ಸೆಲೆಕ್ಟೆಡ್ ಸೆಲ್ಸ್' ಆರಿಸಿ, ಸ್ಕೇಲ್ 'ಫಿಟ್ ಟು ವಿಡ್ತ್' ಇಡಿ. ಅಲ್ಲಿ ಫ್ರೀಜ್ ಮಾಡಿದ ಸಾಲನ್ನು ಪ್ರತಿ ಪುಟದಲ್ಲೂ ತರಬಹುದು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಫಾರ್ಮ್ಯಾಟ್ ಮೆನುವಿನ 'ಪ್ರಿಂಟ್ ರೇಂಜಸ್' ನೋಡಿ.

ಮೊದಲು ಪಿಡಿಎಫ್ ಮಾಡಿ ಒಮ್ಮೆ ಪೂರ್ತಿ ನೋಡಿ, ಆಮೇಲೆ ಹಾಳೆ ಹಾಕಿ. ಯಾವುದಾದರೂ ಸೆಲ್‌ನಲ್ಲಿ ಸಂಖ್ಯೆಯ ಬದಲು ಸಾಲಾಗಿ ಹ್ಯಾಶ್ ಗುರುತು ಕಂಡರೆ ಗಾಬರಿ ಬೇಡ, ಆ ಕಾಲಂ ಸ್ವಲ್ಪ ಅಗಲ ಮಾಡಿ. ಖಾಲಿ ಪುಟ ಇನ್ನೂ ಬರುತ್ತಿದ್ದರೆ, ಕಂಟ್ರೋಲ್ ಎಂಡ್ ಒತ್ತಿದಾಗ ಕರ್ಸರ್ ಯಾವ ಸೆಲ್‌ಗೆ ಹೋಯಿತು ಅಂತ ಇಲ್ಲೇ ಬರೆಯಿರಿ, ನೋಡೋಣ.