ರಾಜನ ಅಂಕಿತ ಬಿದ್ದರೂ ಹಳೇ ನಿಯಮವೇ ಯಾಕೆ ನಡೀತಿದೆ?

ಬ್ರಿಟನ್ನಿನ ಹೊಸ ಕಾಯ್ದೆಗೆ ರಾಜನ ಅಂಕಿತ ಬಿದ್ದರೂ ನಿಮ್ಮ ಲಂಡನ್ ಮನೆ ಮಾಲೀಕರು ಹಳೇ ನಿಯಮವನ್ನೇ ಹಿಡಿದುಕೊಂಡಿದ್ದಾರೆ ಅಂದರೆ, ಬಹುಶಃ ನಿಮಗೆ ಬೇಕಾದ ಸೆಕ್ಷನ್ ಇನ್ನೂ ಜಾರಿಗೆ ಬಂದಿಲ್ಲ. ಅರಮನೆಯಲ್ಲಿ ಫೈಲ್ ಸಿಕ್ಕಿಹಾಕಿಕೊಂಡಿದೆಯಾ ಅಂತ ಕೇಳಿದ್ದೀರಿ, ಹಾಗೇನೂ ಇಲ್ಲ. ಪಾರ್ಲಿಮೆಂಟಿನ ಸದನಗಳಾದ ಕಾಮನ್ಸ್, ಲಾರ್ಡ್ಸ್ ಎರಡೂ ಒಪ್ಪಿದ ಮೇಲೆ ಅಂಕಿತ ಬರೀ ಶಾಸ್ತ್ರ, ಕೊನೆಯ ಸಲ ಅದನ್ನು ನಿರಾಕರಿಸಿದ್ದು 1708ರಲ್ಲಿ ರಾಣಿ ಆನ್.

ಮೊದಲು ಬ್ರಿಟನ್ ಸರ್ಕಾರದ ಲೆಜಿಸ್ಲೇಷನ್ ವೆಬ್‌ಸೈಟಿನಲ್ಲಿ ಆ ಕಾಯ್ದೆ ತೆಗೆದು, ಸೀದಾ ಕೊನೆಗೆ ಹೋಗಿ 'ಕಮೆನ್ಸ್‌ಮೆಂಟ್' (ಯಾವಾಗಿಂದ ಜಾರಿ) ಅನ್ನೋ ಸೆಕ್ಷನ್ ಓದಿ. ಸಚಿವರು ನಿಗದಿ ಮಾಡುವ ದಿನದಿಂದ ಅಂತಿದ್ದರೆ, ಅವರು ಬೇರೆ ಆದೇಶ ಹೊರಡಿಸುವವರೆಗೆ ಅದು ಸುಮ್ನೆ ಕಾಗದ. ಏನೂ ಬರೆದಿಲ್ಲದಿದ್ದರೆ ಅಂಕಿತದ ದಿನವೇ ಜಾರಿ. ಒಂದೇ ಕಾಯ್ದೆಯಲ್ಲಿ ಒಂದೊಂದು ಸೆಕ್ಷನ್‌ಗೆ ಒಂದೊಂದು ದಿನ ಇರಬಹುದು, ಇಲ್ಲೇ ಜಾಸ್ತಿ ಜನ ಎಡವೋದು. (ಈಸ್ಟರ್ ಹಬ್ಬದ ದಿನ ಗೊತ್ತುಮಾಡುವ 1928ರ ಕಾಯ್ದೆ ಇವತ್ತಿಗೂ ಜಾರಿಯಾಗಿಲ್ಲ!)

ಆಮೇಲೆ 'ಎಕ್ಸ್‌ಟೆಂಟ್' (ಯಾವ ಪ್ರದೇಶಕ್ಕೆ ಅನ್ವಯ) ನೋಡಿ, ಸ್ಕಾಟ್ಲೆಂಡಿಗೆ ಮಾತ್ರ ಅಂತಿದ್ದರೆ ನಿಮಗೆ ಅನ್ವಯಿಸಲ್ಲ. ನಿಮ್ಮ ಸೆಕ್ಷನ್ ಪಕ್ಕ 'ಪ್ರಾಸ್ಪೆಕ್ಟಿವ್' (ಇನ್ನೂ ಜಾರಿಯಾಗಿಲ್ಲ) ಅಂತ ಕಂಡರೆ ಇನ್ನೂ ಕಾಯಬೇಕು.

ಯಾವ ಕಾಯ್ದೆ ಅಂತ ನೀವು ಬರೆದಿಲ್ಲ, ಹಾಗಾಗಿ ದಿನಾಂಕ ನಾನು ಹೇಳಲಾರೆ. ಜಾರಿಯಾಗಿದ್ದರೂ ಹಳೇ ಬಾಡಿಗೆ ಕರಾರಿಗೆ ವಿನಾಯಿತಿ ಇರಬಹುದು, 'ಟ್ರಾನ್ಸಿಷನಲ್' (ಹಳೇದರಿಂದ ಹೊಸದಕ್ಕೆ ಬದಲಾಗುವಾಗಿನ ನಿಯಮ) ಭಾಗವನ್ನೂ ಓದಿಕೊಂಡೇ ಮಾಲೀಕರಿಗೆ ಬರೆಯಿರಿ.